ಪಂಪನ ತಾಯಿ ಯಾರು? ತಮ್ಮನ ಶಾಸನದಲ್ಲಿ ಅಣ್ಣನ ವಂಶಾವಳಿ

ಪಂಪ ತನ್ನ ಮನೆತನದ ಬಗ್ಗೆ ಮೌನವಾಗಿ ಉಳಿದ ಕವಿಯಲ್ಲ. ಕ್ರಿ.ಶ. 941ರ ಸುಮಾರಿಗೆ ರಚಿತವಾದ ವಿಕ್ರಮಾರ್ಜುನ ವಿಜಯದ ಕೊನೆಯ ಆಶ್ವಾಸದಲ್ಲಿ ಅವನು ವೆಂಗಿ ಮಂಡಲದ ತನ್ನ ಮೂಲವನ್ನೂ ವತ್ಸಗೋತ್ರವನ್ನೂ ಹೇಳಿಕೊಂಡಿದ್ದಾನೆ. ಮಾಧವ ಸೋಮಯಾಜಿ, ಅವನ ಮಗ ಅಭಿಮಾನಚಂದ್ರ, ಅವನ ಮಗ ಕೊಮರಯ್ಯ, ಅವನ ಮಗ ಅಭಿರಾಮದೇವರಾಯ ಎಂದು ನಾಲ್ಕು ತಲೆಮಾರುಗಳನ್ನು ಕ್ರಮವಾಗಿ ಹೆಸರಿಸಿ, ವೈದಿಕ ಮನೆತನದ ತಂದೆ ಜೈನಧರ್ಮವನ್ನು ಸ್ವೀಕರಿಸಿದ್ದನ್ನೂ ಮುಚ್ಚಿಡದೆ ಹೇಳಿದ್ದಾನೆ. ಇಷ್ಟು ಸವಿಸ್ತಾರವಾದ ವಂಶಾವಳಿಯಲ್ಲಿ ತಾಯಿಯ ಹೆಸರಿಲ್ಲ. ಹಾಗೆಂದು ಇದನ್ನು ಕಾಲಧರ್ಮದ ತಲೆಗೆ ಕಟ್ಟುವುದು ಸರಿಯಲ್ಲ; ಅದೇ ಶತಮಾನದ ಕೊನೆಯಲ್ಲಿ ಕವಿ ರನ್ನ ತನ್ನ ತಂದೆತಾಯಿ ಇಬ್ಬರನ್ನೂ ಹೆಸರಿಸಿದ್ದಾನೆ. ಪಂಪನ ವಂಶಾವಳಿ ಸಾಗುವುದು ಗಂಡುಸಂತತಿಯ ಒಂದೇ ಎಳೆ ಹಿಡಿದು. ಅದನ್ನು ಎಷ್ಟು ಸಲ ತಿರುವಿ ಹಾಕಿದರೂ ಅದರಲ್ಲಿ ಇಲ್ಲದ್ದು ಸಿಗದು. ಪೂರ್ವಜನೊಬ್ಬನ ಹೆತ್ತವರನ್ನು ಅವನ ಹೇಳಿಕೆಗಳಲ್ಲಿ ಮಾತ್ರ ಹುಡುಕುವುದಕ್ಕಿಂತ ಅವನ ಒಡಹುಟ್ಟಿದವರು ಬಿಟ್ಟುಹೋದ ದಾಖಲೆಗಳಲ್ಲಿ ಹುಡುಕುವುದು ಎಷ್ಟೋ ಸಲ ಹೆಚ್ಚು ಫಲಕಾರಿ ಎಂಬ ನನ್ನ ವಾದಕ್ಕೆ ಪಂಪನ ಪ್ರಕರಣಕ್ಕಿಂತ ಒಳ್ಳೆಯ ನಿದರ್ಶನ ಕನ್ನಡದಲ್ಲಿ ಇನ್ನೊಂದಿಲ್ಲ.

ಆ ದಾಖಲೆ ಇರುವುದು ಇಂದಿನ ತೆಲಂಗಾಣದ ಕರೀಂನಗರದ ಸೀಮೆಯಲ್ಲಿ, ಕುರಿಕ್ಯಾಲದ ಬಳಿಯ ಬೊಮ್ಮಲಗುಟ್ಟದ ಬಂಡೆಯ ಮೇಲೆ. ಚಕ್ರೇಶ್ವರಿಯ ಮತ್ತು ಜಿನರ ಉಬ್ಬುಶಿಲ್ಪಗಳ ಕೆಳಗೆ ಕನ್ನಡ, ಸಂಸ್ಕೃತ, ತೆಲುಗು ಮೂರೂ ಭಾಷೆಗಳಲ್ಲಿ ಕೊರೆಸಿದ ಈ ಶಾಸನವನ್ನು ಮಾಡಿಸಿದವನು ಪಂಪನ ತಮ್ಮ ಜಿನವಲ್ಲಭ. ಬೆಟ್ಟವನ್ನು ಅವನು ವೃಷಭಗಿರಿ ಎನ್ನುತ್ತಾನೆ; ಅಲ್ಲಿ ತ್ರಿಭುವನತಿಲಕ ಎಂಬ ಬಸದಿಯನ್ನೂ, ಕವಿತಾಗುಣಾರ್ಣವ ಎಂಬ ಕೆರೆಯನ್ನೂ, ಮದನವಿಲಾಸ ಎಂಬ ತೋಟವನ್ನೂ ಮಾಡಿಸಿದ್ದನ್ನು ದಾಖಲಿಸುತ್ತಾನೆ. ಕೆರೆಗೆ ಅಣ್ಣನ ಬಿರುದನ್ನೇ ಇಟ್ಟಿರುವುದು ಗಮನಾರ್ಹ. ಶಾಸನದ ಕನ್ನಡ ಗದ್ಯಭಾಗದಲ್ಲಿ ಅವನು ತನ್ನ ಊರು, ಗೋತ್ರ, ಗುರುಪರಂಪರೆಗಳ ಜೊತೆಗೆ ತಂದೆ ಭೀಮಪಯ್ಯ, ತಾಯಿ ಅಬ್ಬಣಬ್ಬೆ ಎಂದು ಸ್ಪಷ್ಟವಾಗಿ ಹೇಳಿದ್ದಾನೆ. ಅಬ್ಬಣಬ್ಬೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಅಣ್ಣನ ಕಾವ್ಯದಲ್ಲಿ ಇಲ್ಲದ ತಾಯಿ ತಮ್ಮನ ಬಂಡೆಬರಹದಲ್ಲಿ ತನ್ನ ಹೆಸರು, ಅಜ್ಜನ ಊರು, ಅವನ ವೃತ್ತಿ ಇಷ್ಟರೊಂದಿಗೆ ಕಾಣಿಸಿಕೊಳ್ಳುತ್ತಾಳೆ.

ಮೊದಲ ಆಕ್ಷೇಪ ತಂದೆಯ ಹೆಸರಿನದು. ಕಾವ್ಯದಲ್ಲಿ ಅಭಿರಾಮದೇವರಾಯ, ಶಾಸನದಲ್ಲಿ ಭೀಮಪಯ್ಯ. ಇಬ್ಬರೂ ಒಬ್ಬನೇ ಎನ್ನಲು ಏನು ಆಧಾರ? ಹೆಸರಿನ ಹೋಲಿಕೆಯಿಂದ ಈ ಪ್ರಶ್ನೆ ಬಗೆಹರಿಯುವುದಿಲ್ಲ, ಬಗೆಹರಿಸಲೂ ಬಾರದು. ಗೋತ್ರ ಎರಡೂ ಕಡೆ ಒಂದೇ; ಮೂಲಸ್ಥಾನ ಎರಡೂ ಕಡೆ ವೆಂಗಿ. ವಿಕ್ರಮಾರ್ಜುನ ವಿಜಯಕ್ಕಾಗಿ ಆಶ್ರಯದಾತ ಅರಸ ಅರಿಕೇಸರಿ ಪಂಪನಿಗೆ ಧರ್ಮಪುರದ ಅಗ್ರಹಾರವನ್ನು ಕೊಟ್ಟ ಸಂಗತಿ ಎರಡೂ ಕಡೆ ಇದೆ. ಇವೆಲ್ಲಕ್ಕಿಂತ ಬಲವಾದದ್ದು ಅಭಿಮಾನಚಂದ್ರನ ಸ್ಥಾನ. ಕಾವ್ಯದ ಪ್ರಕಾರ ಅವನು ಪಂಪನ ತಂದೆಗೆ ಅಜ್ಜ. ಶಾಸನವೂ ಅಭಿಮಾನಚಂದ್ರನ ಮೊಮ್ಮಗನ ಮಾತೆತ್ತುತ್ತದೆ. ಆ ವಿಶೇಷಣವನ್ನು ಭೀಮಪಯ್ಯನಿಗೆ ಹೊಂದಿಸಿ ಓದಿದರೆ ತಲೆಮಾರುಗಳು ಕರಾರುವಾಕ್ಕಾಗಿ ಕೂಡುತ್ತವೆ. ತಾಯಿಯನ್ನು ಅವಳ ಅಜ್ಜನ ಮೂಲಕ ಗುರುತಿಸಿದವನು ತಂದೆಯನ್ನೂ ಹಾಗೆಯೇ ಗುರುತಿಸಿರುವುದು ಸಹಜ. ನಡುವಿನ ಕೊಮರಯ್ಯನ ಹೆಸರು ಶಾಸನದಲ್ಲಿ ಬಾರದಿರುವುದಕ್ಕೂ ಇದೇ ಕಾರಣ. ಹೀಗಾಗಿ ಅಭಿರಾಮದೇವರಾಯ ಎಂಬುದನ್ನು ಕಾವ್ಯಕ್ಕೆ ಒಪ್ಪುವ ಹೆಸರೆಂದೂ ಭೀಮಪಯ್ಯ ಎಂಬುದನ್ನು ಮನೆಯ ಬಳಕೆಯ ಹೆಸರೆಂದೂ ತಿಳಿಯಲು ಅಡ್ಡಿಯಿಲ್ಲ.

ಹೆಸರನ್ನಷ್ಟೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಇದೇ ಕಾಲದಲ್ಲಿ ಒಂದು ಎಚ್ಚರಿಕೆಯೂ ಇದೆ. ರನ್ನನ ತಂದೆಯ ಹೆಸರು ಜಿನವಲ್ಲಭ, ತಾಯಿಯ ಹೆಸರು ಅಬ್ಬಲಬ್ಬೆ. ಒಂದು ಕಡೆ ಜಿನವಲ್ಲಭ ಮತ್ತು ಅವನ ತಾಯಿ ಅಬ್ಬಣಬ್ಬೆ, ಇನ್ನೊಂದು ಕಡೆ ಜಿನವಲ್ಲಭ ಮತ್ತು ಅವನ ಹೆಂಡತಿ ಅಬ್ಬಲಬ್ಬೆ. ಇಬ್ಬರೂ ಜೈನರು, ಇಬ್ಬರೂ ಹತ್ತನೆಯ ಶತಮಾನದವರು. ಅವಸರದ ಸಂಶೋಧಕ ಈ ಎರಡು ಮನೆಗಳನ್ನು ಒಂದು ಮಾಡಿಬಿಡಬಹುದು. ಆದರೆ ರನ್ನನದು ಮುದುವೊಳಲಿನ, ಅಂದರೆ ಇಂದಿನ ಮುಧೋಳದ ಬಳೆಗಾರರ ಕುಲ. ಪಂಪನದು ವೆಂಗಿಯಿಂದ ಬಂದ ಬ್ರಾಹ್ಮಣ ಮನೆತನ. ಊರು, ಕುಲ, ವೃತ್ತಿ ಇವೇ ಇಲ್ಲಿ ಇಬ್ಬರನ್ನು ಬೇರ್ಪಡಿಸುವ ಸಾಕ್ಷ್ಯ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ಅದಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಶಾಸನ ಅಬ್ಬಣಬ್ಬೆಯ ಮಗನೆಂದು ಹೇಳುವುದು ಜಿನವಲ್ಲಭನನ್ನು. ಅವನು ಪಂಪನ ತಮ್ಮ ಎಂಬುದು ನಿಜ. ಆದರೆ ಭೀಮಪಯ್ಯನಿಗೆ ಇಬ್ಬರು ಹೆಂಡಿರಿದ್ದು, ಪಂಪ ಬೇರೆ ತಾಯಿಯ ಮಗನಾಗಿದ್ದರೆ? ಒಡಹುಟ್ಟಿದವರ ದಾಖಲೆಯಿಂದ ತಾಯಿಯನ್ನು ಗುರುತಿಸುವ ಯಾವ ಪ್ರಯತ್ನವೂ ಈ ಪ್ರಶ್ನೆಯನ್ನು ದಾಟಿಯೇ ಹೋಗಬೇಕು. ಪಂಪ ತನ್ನ ಕಾವ್ಯಭಾಷೆ ಪುಲಿಗೆರೆಯ ತಿರುಳ್ಗನ್ನಡ ಎಂದದ್ದನ್ನು ಇಲ್ಲಿ ಸಾಕ್ಷಿಯಾಗಿ ತರುವುದುಂಟು. ಪುಲಿಗೆರೆ ಎಂದರೆ ಈಗಿನ ಲಕ್ಷ್ಮೇಶ್ವರ; ಅಣ್ಣಿಗೇರಿಯೂ ಅದೇ ಸೀಮೆಯದು; ವೆಂಗಿ ಮೂಲದವನ ಮಗನಿಗೆ ಆ ಕನ್ನಡ ಬಂದದ್ದು ತಾಯಿಯ ಕಡೆಯಿಂದ ಎಂಬುದು ವಾದ. ಆಕರ್ಷಕವಾದರೂ ಇದು ಒಂದೇ ನಿಲ್ಲುವಷ್ಟು ಗಟ್ಟಿಯಲ್ಲ, ಏಕೆಂದರೆ ಪಂಪನಿಗೂ ಹಿಂದಿನ ಕವಿರಾಜಮಾರ್ಗವೇ ಪುಲಿಗೆರೆಯನ್ನು ಕನ್ನಡದ ತಿರುಳಿನ ನೆಲೆಗಳಲ್ಲಿ ಎಣಿಸಿದೆ. ಆ ಮನ್ನಣೆಯ ಭಾಷೆಯನ್ನು ಯಾವ ಕವಿಯಾದರೂ ತನ್ನದೆನ್ನಬಹುದಿತ್ತು. ಹೆಚ್ಚು ತೂಕದ್ದು ಶಾಸನದ ರಚನೆಯೇ. ತನ್ನ ಹಿರಿಮೆಯಷ್ಟೇ ಅಣ್ಣನ ಹಿರಿಮೆಯನ್ನೂ ಸಾರಲು ಬರೆಸಿದ ಬರಹದಲ್ಲಿ ಜಿನವಲ್ಲಭ ಎರಡೂ ಕಡೆಯ ಹಿರಿಯರನ್ನು ಹೇಳುತ್ತಾನೆ, ಮತ್ತೊಬ್ಬ ತಾಯಿಯ ಸುಳಿವನ್ನೂ ಕೊಡುವುದಿಲ್ಲ. ಇನ್ನೊಂದು ಮದುವೆಯನ್ನು ಕಲ್ಪಿಸುವವರೇ ಅದಕ್ಕೆ ಆಧಾರ ತೋರಿಸಬೇಕು. ಅಲ್ಲಿಯವರೆಗೆ ಅಬ್ಬಣಬ್ಬೆ ಪಂಪನ ತಾಯಿ ಎಂಬುದು ಸಾಧಾರವಾದ ನಿರ್ಣಯ; ಪಂಪನೇ ಹೇಳಿದ ಮಾತಿನಷ್ಟು ಖಚಿತವಲ್ಲ ಎಂಬುದನ್ನು ಮಾತ್ರ ನಾವು ಬರೆಯುವಾಗ ಮರೆಯಬಾರದು.

ಈ ಎಚ್ಚರ ಅಣ್ಣಿಗೇರಿಯ ವಿಷಯದಲ್ಲಿ ಇನ್ನಷ್ಟು ಬೇಕು. ಪಂಪ ಹುಟ್ಟಿದ್ದು ಅಣ್ಣಿಗೇರಿಯಲ್ಲಿ ಎಂದು ಈಗ ನಿಸ್ಸಂದೇಹವಾಗಿ ಬರೆಯಲಾಗುತ್ತಿದೆ. ಶಾಸನ ಹೇಳುವುದು ಅಬ್ಬಣಬ್ಬೆಯ ಅಜ್ಜನ ಊರನ್ನು ಮಾತ್ರ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ರೂಢಿಯನ್ನು ನೆನೆದು ಊಹಿಸಬಹುದೇ ಹೊರತು ಅದನ್ನು ಶಾಸನೋಕ್ತ ಸಂಗತಿ ಎನ್ನಲಾಗದು. ತವರಿನ ಪ್ರಭಾವದಿಂದ ಭೀಮಪಯ್ಯ ಜೈನನಾದ ಎಂದು ಯಾರಾದರೂ ಊಹಿಸಿದರೂ ಇದೇ ಮಾತು ಅನ್ವಯಿಸುತ್ತದೆ. ಅಣ್ಣಿಗೇರಿಯಲ್ಲಿ ಎಂಟನೆಯ ಶತಮಾನದಲ್ಲೇ, ಬಾದಾಮಿ ಚಾಲುಕ್ಯ ಇಮ್ಮಡಿ ಕೀರ್ತಿವರ್ಮನ ಕಾಲದಲ್ಲಿ ಜಿನಾಲಯವಿತ್ತೆಂದು ಅಲ್ಲಿಯ ಶಾಸನವೇ ಹೇಳುತ್ತದೆ. ಊರಿನಲ್ಲಿ ಜಿನಾಲಯವಿದ್ದ ಮಾತ್ರಕ್ಕೆ ಜೋಯಿಸ ಸಿಂಘನ ಮನೆ ಜೈನರದೆಂದು ಆಗುವುದಿಲ್ಲ. ಸಿಂಘನಿಗೂ ಅಬ್ಬಣಬ್ಬೆಗೂ ನಡುವಿನ ತಲೆಮಾರು ಜಿನವಲ್ಲಭನ ಶಾಸನದಲ್ಲಿಯೂ ಖಾಲಿಯಿದೆ. ಅದನ್ನು ತುಂಬಲು ಹೊರಡುವವರು ಪಂಪನ ಕಾವ್ಯಗಳನ್ನು ಬದಿಗಿಟ್ಟು, ಒಂಬತ್ತು ಮತ್ತು ಹತ್ತನೆಯ ಶತಮಾನಗಳ ಬೆಳ್ವೊಲದ ದಾನಶಾಸನಗಳಲ್ಲಿ ಸಾಕ್ಷಿಗಳಾಗಿ, ದಾನ ಪಡೆದವರಾಗಿ ಬರುವ ಜೋಯಿಸರ ಹೆಸರುಗಳನ್ನು ಒಂದೊಂದಾಗಿ ನೋಡಬೇಕು.