ಕಟ್ಟದೇ ಬಿಟ್ಟ ಮನೆಗಳ ಬೆಲೆ ಎಷ್ಟು?

ಇಲ್ಲಿ ಏನೂ ಬರೆಯದೆ ತುಂಬಾ ದಿನ ಆಯ್ತು. ಮೊನ್ನೆ ವರ್ಜೀನಿಯಾದ ಬ್ಲೂ ರಿಡ್ಜ್ ಪಾರ್ಕ್‌ವೇ ಮೇಲೆ ಹೋಗುವಾಗ ಒಂದು ಪ್ರಶ್ನೆ ತಲೆಗೆ ಹೊಕ್ಕಿತು. ಅಕ್ಕಪಕ್ಕ ಖಾಸಗಿ ಹೊಲಗಳಿವೆ, ಆದರೆ ಒಂದು ಬೋರ್ಡಿಲ್ಲ, ಅಂಗಡಿಯಿಲ್ಲ. ಯಾಕೆ?

ಹುಡುಕಿದಾಗ ಸಿಕ್ಕಿದ್ದು ಈಸ್‌ಮೆಂಟ್ ಕತೆ. 1930ರ ದಶಕದಲ್ಲೇ ನ್ಯಾಶನಲ್ ಪಾರ್ಕ್ ಸರ್ವೀಸ್ ಈ ದಾರಿಯ ಕೆಲವು ಕಡೆ ಪೂರ್ತಿ ಜಮೀನು ಕೊಳ್ಳದೆ, ನೋಟ ಕೆಡಿಸಬಾರದು ಅನ್ನುವ ಹಕ್ಕನ್ನಷ್ಟೇ ಪಡೆದಿತ್ತಂತೆ. ಜಮೀನು ರೈತನದೇ. ಉಳಬಹುದು, ಮಾರಬಹುದು, ಮಕ್ಕಳಿಗೆ ಬಿಡಬಹುದು. ಬೇಕಾದ್ದು ಕಟ್ಟುವ ಹಾಗಿಲ್ಲ, ಅಷ್ಟೆ.

ಇದನ್ನೇ ಯಾರಾದರೂ ಪುಕ್ಕಟೆ ಕೊಟ್ಟರೆ? ಅದೂ ದಾನವೇ, ತೆರಿಗೆಯಲ್ಲಿ ಕಳೆಯಬಹುದು ಅಂತ 1964ರಲ್ಲಿ ಐ.ಆರ್.ಎಸ್. ಹೇಳಿತು. 1976ರಲ್ಲಿ ಕಾಯಿದೆಗೆ ಬಂತು, 1980ರಲ್ಲಿ ಕಾಯಂ ಆಯಿತು. ಒಂದು ದೊಡ್ಡ ಷರತ್ತಿದೆ: ನಿರ್ಬಂಧ ಶಾಶ್ವತವಾಗಿರಬೇಕು, ಮುಂದೆ ಕೊಳ್ಳುವವನಿಗೂ ಅನ್ವಯ.

ಸರಿ, ದಾನದ ಬೆಲೆ ಎಷ್ಟು? ಇಂಥ ಹಕ್ಕನ್ನು ಸಂತೆಯಲ್ಲಿ ಯಾರೂ ಮಾರುವುದಿಲ್ಲ. ಹಾಗಾಗಿ ಮೊದಲಿನ ಬೆಲೆಯಿಂದ ನಂತರದ ಬೆಲೆ ಕಳೆಯುತ್ತಾರೆ. ಮನೆ ಕಟ್ಟಬಹುದಾಗಿದ್ದಾಗ ಹತ್ತು ಲಕ್ಷ ಡಾಲರ್, ಬರೀ ಹೊಲವಾಗಿ ಆರು ಲಕ್ಷ. ದಾನ ನಾಲ್ಕು ಲಕ್ಷ. 5,000 ಡಾಲರ್ ಮೀರಿದರೆ ಅರ್ಹ ಅಪ್ರೈಸರ್ ಬರೆದ ವರದಿ ಬೇಕು.

ನನಗೆ ಬೇಜಾರಾಗಿದ್ದು ಇಲ್ಲಿ. ವರ್ಷಕ್ಕೆ 40,000 ಡಾಲರ್ ಆದಾಯದ ರೈತ ಈ ನಾಲ್ಕು ಲಕ್ಷ ಕೊಟ್ಟ ಅಂದುಕೊಳ್ಳಿ. ಹಳೇ ನಿಯಮದಲ್ಲಿ ಆದಾಯದ 30% ಮಾತ್ರ ಕಳೆಯಬಹುದಿತ್ತು. ಮಿಕ್ಕಿದ್ದು ಮುಂದಿನ ಐದು ವರ್ಷ. ಒಟ್ಟು ಆರು ವರ್ಷಕ್ಕೆ 72,000! ಉಳಿದದ್ದು ಹೋಯ್ತು. ಅದೇ ಪಕ್ಕದ ಎಸ್ಟೇಟಿನ ಸಾಹುಕಾರನಿಗೆ ಪೂರ್ತಿ ಲಾಭ. 2006ರಲ್ಲಿ ಮಿತಿಯನ್ನು 50%ಕ್ಕೆ, ಕೃಷಿಯಿಂದಲೇ ಬದುಕುವವರಿಗೆ 100%ಕ್ಕೆ ಏರಿಸಿ, ಮುಂದಿನ 15 ವರ್ಷ ಅವಕಾಶ ಕೊಟ್ಟರು. 2015ರಲ್ಲಿ ಅದೂ ಕಾಯಂ. ಒಳ್ಳೇ ಕೆಲಸ.

ಆದರೆ ಬುದ್ಧಿವಂತರು ಸುಮ್ಮನಿರ್ತಾರಾ? :-) ಅಗ್ಗದ ಕಾಡು ಕೊಂಡು, ಪಾಲುದಾರಿಕೆ ಕಟ್ಟಿ, ಷೇರು ಮಾರಿ, 'ಇಲ್ಲಿ ರೆಸಾರ್ಟ್ ಬರಬಹುದಿತ್ತು' ಅಂತ ಅಪ್ರೈಸರ್ ಹತ್ತಿರ ಬರೆಸುವುದು. ಆಮೇಲೆ ಈಸ್‌ಮೆಂಟ್ ದಾನ. ಹಾಕಿದ ದುಡ್ಡಿಗಿಂತ ಉಳಿದ ತೆರಿಗೆಯೇ ಹೆಚ್ಚು! ಟೆನ್ನೆಸ್ಸೀಯ ಒಂದು ಕೇಸಿನಲ್ಲಿ 69 ಲಕ್ಷ ಡಾಲರ್ ಅಂತ ತೋರಿಸಿದ್ದರು. ಕೋರ್ಟ್ ಐದು ಲಕ್ಷವೂ ಇಲ್ಲ ಅಂತು. ಮೇಲ್ಮನವಿಯಲ್ಲೂ 2021ರಲ್ಲಿ ಸೋತರು.

2016ರ ಕೊನೆಗೆ ಐ.ಆರ್.ಎಸ್. ಇಂಥ ವ್ಯವಹಾರಗಳ ಮೇಲೆ ಕಣ್ಣಿಟ್ಟಿತು. 2022ರ ಡಿಸೆಂಬರ್‌ನಲ್ಲಿ ಕಾಯಿದೆಯೇ ಬಂತು. ಪಾಲುದಾರರು ಹಾಕಿದ ಬಂಡವಾಳದ ಎರಡೂವರೆ ಪಟ್ಟು ಮೀರಿ ದಾನ ತೋರಿಸಿದರೆ ಪೂರ್ತಿ ಸೊನ್ನೆ. ಮೂರು ವರ್ಷ ಇಟ್ಟುಕೊಂಡಿದ್ದರೆ, ಅಥವಾ ಮನೆಮಂದಿಯದೇ ಪಾಲುದಾರಿಕೆಯಾದರೆ ವಿನಾಯಿತಿ.

ಗಮನಿಸಿದ್ರಾ? ಹೆಚ್ಚುಕಮ್ಮಿ ಅರವತ್ತು ವರ್ಷ ಆದಮೇಲೆ, ಅಪ್ರೈಸರ್ ಎಷ್ಟು ಬರೆದ ಅಂತ ನೋಡುವುದರ ಜೊತೆಗೆ ನೀವು ಎಷ್ಟು ಹಾಕಿದಿರಿ ಅಂತಲೂ ಕೇಳಬೇಕಾಯ್ತು. ನನಗಂತೂ ಇದು ಸೋಲೊಪ್ಪಿಕೊಂಡ ಹಾಗೆ ಕಾಣುತ್ತೆ. ನಿಮ್ಮಲ್ಲಿ ಯಾರಾದರೂ ಇಲ್ಲಿನ ತೆರಿಗೆ ಕೆಲಸದಲ್ಲಿದ್ದರೆ, ನಾನು ತಪ್ಪಿದ್ದಲ್ಲಿ ತಿದ್ದಿ.