ಮಣ್ಣಿನಿಂದ ಎದ್ದ ಗುಮ್ಮ: ನಮ್ಮ ಸೀಮೆಯ ಮಕ್ಕಳ ಬೊಂಬೆಗಾರಿಕೆ

ಸೊಲ್ಲಾಪುರ, ಅಕ್ಕಲಕೋಟ ಸೀಮೆಯ ಇತಿಹಾಸವನ್ನು ಬರೆಯಹೊರಟವರು ಸಿದ್ಧರಾಮರು ಕಟ್ಟಿಸಿದ ಕೆರೆಯಿಂದ ತೊಡಗುತ್ತಾರೆ. ಅಕ್ಕಲಕೋಟದ ಭೋಸಲೆ ಅರಸರ ಆಯುಧಶಾಲೆ, ಹತ್ತಿಯ ಗಿರಣಿಗಳು, 1930ರ ಮಾರ್ಷಲ್ ಲಾ ಇವುಗಳನ್ನು ದಾಟಿ, 1931ರ ಜನವರಿ 12ರಂದು ಗಲ್ಲಿಗೇರಿದ ಮಲ್ಲಪ್ಪ ಧನಶೆಟ್ಟಿ ಮತ್ತು ಅವರ ಮೂವರು ಸಂಗಾತಿಗಳವರೆಗೆ ಬಂದು ನಿಲ್ಲುತ್ತಾರೆ. ಅದು ಸರಿಯೇ. ಆದರೆ ಈ ಸೀಮೆಯ ಮಕ್ಕಳು ತಲೆಮಾರುಗಳಿಂದ ವರ್ಷಕ್ಕೊಮ್ಮೆ ಕೈಯಾರೆ ಮಾಡಿ, ಪೂಜಿಸಿ, ತಾವೂ ಹೆದರಿ, ಇತರರನ್ನೂ ಹೆದರಿಸಿ, ಕಡೆಗೆ ನೀರಿಗೆ ಬಿಟ್ಟ ಬೊಂಬೆಗಳಿಗೂ ಒಂದು ಇತಿಹಾಸವುಂಟು. ಅರಸರ ಕತ್ತಿ, ಬಂದೂಕುಗಳು ಅಕ್ಕಲಕೋಟದಲ್ಲಿ ಇಂದಿಗೂ ನೋಡಸಿಗುತ್ತವೆ. ಮಕ್ಕಳ ಕೈಗೆಲಸದ ಒಂದು ಚೂರೂ ಎಲ್ಲಿಯೂ ಉಳಿದಿಲ್ಲ.

ಈ ಬೊಂಬೆಗಾರಿಕೆಗೆ ಪಂಚಾಂಗವೇ ಪಠ್ಯಕ್ರಮ. ಜ್ಯೇಷ್ಠದ ಕಾರ ಹುಣ್ಣಿಮೆಯಂದು ನಿಜವಾದ ಎತ್ತುಗಳಿಗೆ ಸಿಂಗಾರ. ಹದಿನೈದು ದಿನಗಳ ತರುವಾಯ ಬರುವ ಮಣ್ಣೆತ್ತಿನ ಅಮಾವಾಸ್ಯೆಯಂದು ಮಣ್ಣಿನ ಎತ್ತುಗಳಿಗೆ ಪೂಜೆ. ನೆರೆಯ ಮರಾಠಿ ಮನೆಗಳಲ್ಲಿ ಬೇಂದೂರವು ಆಷಾಢ ಹುಣ್ಣಿಮೆಗೆ, ಇನ್ನು ಕೆಲವೆಡೆ ಪೋಳಾ ಶ್ರಾವಣದ ಅಮಾವಾಸ್ಯೆಗೆ. ನಮ್ಮ ಕಾರ ಹುಣ್ಣಿಮೆಯನ್ನು ಮರಾಠಿಗರು ಇಂದಿಗೂ ‘ಕರ್ನಾಟಕೀ ಬೇಂದೂರ’ ಎಂದೇ ಕರೆಯುತ್ತಾರೆ. ಭಾಷೆಯ ಗಡಿಯನ್ನು ಎತ್ತುಗಳು ಆಯೋಗಗಳಿಗಿಂತ ಮೊದಲೇ ಗುರುತಿಸಿದ್ದವು ಎಂದರೆ ತಪ್ಪಾಗದು.

ಮಣ್ಣೆತ್ತನ್ನು ಮಾಡುವಾಗ ಮಗುವಿಗೆ ಭಯದ ಮಾತಿಲ್ಲ. ಅಲ್ಲಿ ಕಲಿಯುವುದು ರೂಪ. ಎರಡು ಎತ್ತು, ಅವುಗಳ ಮುಂದೆ ಒಂದು ಗ್ವಾದಲಿ. ಇಣಿಯನ್ನು ಎತ್ತರಿಸಬೇಕು, ಗಂಗೆದೊಗಲನ್ನು ಚಿವುಟಿ ಇಳಿಬಿಡಬೇಕು, ಕೋಡು ಮುರಿಯದಂತೆ ಒಳಗೆ ಕಸಬರಿಗೆಯ ಕಡ್ಡಿ ಇಡಬೇಕು. ಇಣಿ, ಗ್ವಾದಲಿ ಎಂಬ ಮಾತುಗಳನ್ನು ನಮ್ಮ ತಲೆಮಾರು ಪುಸ್ತಕದಿಂದ ಕಲಿಯಲಿಲ್ಲ, ಬೆರಳಿನಿಂದ ಕಲಿಯಿತು. ಆಮೇಲೆ ಬರುವ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳ ಗುಳ್ಳವ್ವ. ಅವಳ ಮಣ್ಣಿನ ಮೈಗೆ ಗುಲಗಂಜಿ, ಕುಸುಬೆ, ಜೋಳದ ಕಾಳುಗಳ ಅಲಂಕಾರ. ಕೆಂಪು ಗುಲಗಂಜಿಯ ಕಪ್ಪು ಚುಕ್ಕೆ ಹೊರಗೆ ಬರುವಂತೆ ಒತ್ತಿದರೆ ಅದೇ ಕಣ್ಣು. ಹಗಲಿನಲ್ಲಿ ಅವಳು ದೇವಿ. ದೀಪದ ಬೆಳಕಿನಲ್ಲಿ ಆ ಕೆಂಪು ಕಣ್ಣುಗಳನ್ನು ನೋಡಿದ ಚಿಕ್ಕವರು ಅಜ್ಜಿಯ ಸೆರಗಿನ ಹಿಂದೆ ಸರಿಯುತ್ತಿದ್ದರು.

ನಿಜವಾದ ಗುಮ್ಮ ಬರುವುದು ಭಾದ್ರಪದದಲ್ಲಿ. ಗಣಪತಿ ಚವತಿಗೆ ಬಂದರೆ, ಜೋಕುಮಾರ ಅಷ್ಟಮಿಗೆ ಹುಟ್ಟುತ್ತಾನೆ, ಅದೂ ಕುಂಬಾರರ ಮನೆಯಲ್ಲಿ. ಅಂಬಿಗರ ಹೆಣ್ಣುಮಕ್ಕಳು ಅವನನ್ನು ಬುಟ್ಟಿಯಲ್ಲಿ ಕೂಡಿಸಿ, ಸುತ್ತಲೂ ಬೇವಿನ ಸೊಪ್ಪು ಮುಚ್ಚಿ, ತಲೆಯ ಮೇಲೆ ಹೊತ್ತು ಮನೆಮನೆಗೆ ಹಾಡುತ್ತ ಬರುತ್ತಾರೆ. ಅಗಲವಾದ ಮುಖ, ಹೊರಚಾಚಿದ ಕಣ್ಣು, ತಿರುವಿದ ಮೀಸೆ, ತೆರೆದ ಬಾಯಿ, ತುಟಿಗೆ ಮೆತ್ತಿದ ಬೆಣ್ಣೆ. ಉಳಿದುದನ್ನು ಬೇವಿನೆಲೆ ಮರೆಮಾಡುತ್ತದೆ. ಹಿರಿಯರು ಆ ಎಲೆಗಳ ಬಗ್ಗೆ ಮಕ್ಕಳು ಕೇಳುವ ಪ್ರಶ್ನೆಗಳಿಗೆ ಉತ್ತರಿಸುತ್ತಿರಲಿಲ್ಲ. ಮನೆಯವರು ಮೊರದಲ್ಲಿ ಜೋಳ, ಮೆಣಸಿನಕಾಯಿ, ಉಪ್ಪು ಕೊಟ್ಟು ಬೇವಿನ ಸೊಪ್ಪನ್ನು ಪ್ರಸಾದವಾಗಿ ಪಡೆಯುವರು. ಅದು ಹೊಲ ಸೇರುತ್ತದೆ. ಅವನ ಆಯುಷ್ಯ ಏಳೇ ದಿನ. ಹುಣ್ಣಿಮೆಯ ರಾತ್ರಿ ಅವನನ್ನು ಒನಕೆಯಿಂದ ಹೊಡೆದು ಮುಗಿಸಿ, ಅಗಸರು ಬಟ್ಟೆ ಒಗೆಯುವ ಕಲ್ಲಿನ ಬಳಿ ಬಿಟ್ಟುಬರುತ್ತಾರೆ.

ಜನಪದರ ಕಥೆಯಲ್ಲಿ ಅಣ್ಣತಮ್ಮಂದಿರಾದ ಈ ಇಬ್ಬರ ಸ್ವಭಾವ ಬೇರೆ ಬೇರೆ. ಕಡುಬು, ಹೋಳಿಗೆ ಉಂಡು ಹೋದ ಗಣಪತಿ ಭೂಲೋಕದಲ್ಲಿ ಎಲ್ಲವೂ ಚೆನ್ನಾಗಿದೆ ಎಂದು ಶಿವನಿಗೆ ಹೇಳುತ್ತಾನೆ. ಬಡವರ ಕೇರಿ ಸುತ್ತಿದ ಜೋಕುಮಾರ ಮಳೆಯಿಲ್ಲ, ಬೆಳೆಯಿಲ್ಲ, ಜನ ಅಳುತ್ತಿದ್ದಾರೆ ಎಂದು ಹೇಳಿ ಮಳೆ ತರಿಸುತ್ತಾನೆ. ಬರಗಾಲ ಕಂಡ ಸೀಮೆಗೆ ಎರಡನೆಯವನ ಮೇಲೆ ಹೆಚ್ಚು ನಂಬಿಕೆ ಇದ್ದುದರಲ್ಲಿ ಆಶ್ಚರ್ಯವಿಲ್ಲ. ವಿಕಾರವಾದ ಮುಖದವನೇ ಸತ್ಯವನ್ನು ಹೇಳುವವನು ಎಂಬ ಈ ಕಲ್ಪನೆಯನ್ನು ನಮ್ಮ ಪಂಡಿತರಿಗಿಂತ ಮಕ್ಕಳು ಚೆನ್ನಾಗಿ ಅರಿತಿದ್ದರು. ಏಕೆಂದರೆ ಬುಟ್ಟಿ ಬಾಗಿಲು ದಾಟಿ ಮುಂದೆ ಹೋದೊಡನೆ ಅವರು ಹಿತ್ತಿಲಿಗೆ ಓಡಿ ತಮ್ಮದೇ ಜೋಕುಮಾರನನ್ನು ಮಾಡಲು ತೊಡಗುತ್ತಿದ್ದರು. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ 1972ರಲ್ಲಿ ಬಂದು ಅವನನ್ನು ನಗರದ ರಂಗಭೂಮಿಗೆ ಪರಿಚಯಿಸಿತು. ಹಿತ್ತಿಲಿನ ರಂಗಭೂಮಿ ಅದಕ್ಕಿಂತ ಬಹಳ ಹಳೆಯದು.

ಹಿತ್ತಿಲಿನ ಜೋಕುಮಾರನಿಗೆ ಶಾಸ್ತ್ರವಿರಲಿಲ್ಲ. ಕುಸುಬೆಯ ಬಿಳಿ ಕಾಳು ಹಲ್ಲಾಗುತ್ತಿತ್ತು. ಗಿರಣಿ ಕಾರ್ಮಿಕರ ಮನೆಗಳಲ್ಲಿ ಸಿಕ್ಕುಬಿದ್ದ ನೂಲು ಕೂದಲಾಗುತ್ತಿತ್ತು, ಒಲೆಯ ಮಸಿ ಹುಬ್ಬಾಗುತ್ತಿತ್ತು. ಯಾರ ಬೊಂಬೆಯನ್ನು ಕಂಡು ಯಾರ ತಂಗಿ ಅತ್ತಳು ಎಂಬುದೇ ಬಹುಮಾನ. ದೊಡ್ಡ ಸಂಕಟ ಮಣ್ಣಿನದು. ಭೀಮಾ, ಸೀನಾ, ಬೋರಿ ಹೊಳೆಗಳ ನಡುವಣ ಈ ನೆಲ ಎರೆಭೂಮಿ. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕಾಲು ಸಿಕ್ಕುವಷ್ಟು ಬಿರುಕು ಬಿಡುವ ಅದೇ ಗುಣ, ಬೊಂಬೆಯ ಕೆನ್ನೆಯ ಮೇಲೂ ಮರುದಿನವೇ ಕಾಣುತ್ತಿತ್ತು. ತಿಳಿದವರು ಮಣ್ಣಿಗೆ ಹಿಂಜಿದ ಅರಳೆ ಬೆರೆಸಿ ನಾದುತ್ತಿದ್ದರು. ಎಳೆ ಮಣ್ಣನ್ನು ಹಿಡಿದಿಡುತ್ತದೆ. ತಿಳಿಯದವರ ರಾಕ್ಷಸ ಬಿರುಕುಬಿಟ್ಟು ಇನ್ನಷ್ಟು ಘೋರನಾಗುತ್ತಿದ್ದ. ಹೀಗಾಗಿ ಈ ಕಲೆಯಲ್ಲಿ ಸೋತವನೂ ಗೆಲ್ಲುವ ದಾರಿ ಒಂದಿತ್ತು.

ಇಲ್ಲಿ ಕುಂಬಾರರನ್ನು ನೆನೆಯದೆ ಮುಂದೆ ಹೋಗಲಾಗದು. ಸೊಲ್ಲಾಪುರದ ಸಂಕ್ರಾಂತಿಯ ಗಡ್ಡಾ ಜಾತ್ರೆಯ ನಡುವೆ ಇರುವುದೇ ಒಬ್ಬ ಕುಂಬಾರ ಕನ್ಯೆ. ಸಿದ್ಧರಾಮರನ್ನು ವರಿಸಬಯಸಿದ ಅವಳಿಗೆ ಅವರು ತಮ್ಮ ಯೋಗದಂಡದೊಡನೆ ವಿವಾಹವಾಗಲು ಒಪ್ಪಿದರೆಂಬ ಐತಿಹ್ಯವಿದೆ. ಏಳು ನಂದಿಧ್ವಜಗಳ ಮೆರವಣಿಗೆ, ಸಮ್ಮತಿ ಕಟ್ಟೆಯ ಅಕ್ಷತೆ, ಮರುದಿನದ ಹೋಮ ಎಲ್ಲವೂ ಆ ಮದುವೆಯ ನೆನಪೇ. ಮಡಕೆ ಮಾಡುವವರ ಮಗಳನ್ನು ಊರು ಹೀಗೆ ನೆನೆಯುತ್ತದೆ. ಅದೇ ಕುಂಬಾರ ಮನೆಯ ತಿಗುರಿಯ ಬದಿಯಲ್ಲಿ ಕುಳಿತು ಹದವಾದ ಒಂದು ಮುಷ್ಟಿ ಮಣ್ಣು ಬೇಡುತ್ತಿದ್ದ ಮಕ್ಕಳ ಸಾಲನ್ನು ಯಾವ ಪುರಾಣವೂ ದಾಖಲಿಸಿಲ್ಲ.

ಹಾಡುಗಳ ಭಾಗ್ಯ ಬೇರೆಯಾಯಿತು. ಭೀಮೆಯ ಆಚೆ, ನಮಗೆ ಹತ್ತಿರವೇ ಇರುವ ಹಲಸಂಗಿಯಲ್ಲಿ ಮಧುರಚೆನ್ನರೂ ಅವರ ಗೆಳೆಯರೂ ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುಗಳನ್ನು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ಹಾಡನ್ನು ಬರೆದುಕೊಳ್ಳಬಹುದು. ಒನಕೆಯ ಏಟಿಗೆ ಒಡೆದ, ಬಾವಿಯ ನೀರಿನಲ್ಲಿ ಕರಗಿದ ಮುಖವನ್ನು ಬರೆದುಕೊಳ್ಳುವುದು ಹೇಗೆ? ಕರಗುವುದೇ ಅದರ ವಿಧಿ. ಉಳಿಸಿದರೆ ಅದು ಜೋಕುಮಾರನಲ್ಲ.

ಭೀಕರವಾದುದನ್ನು ತಾನೇ ಮಾಡಿ ನೋಡುವ ಆಸೆ ನಮ್ಮ ಮಕ್ಕಳಿಗೆ ಮಾತ್ರ ಇದ್ದುದಲ್ಲ. ಪ್ರಾಗ್ ನಗರದ ಯಹೂದಿಗಳ ಐತಿಹ್ಯದಲ್ಲಿ ಒಬ್ಬ ಗುರು ಹೊಳೆಯ ಮಣ್ಣಿನಿಂದ ಗೋಲೆಮ್ ಎಂಬ ದೈತ್ಯನನ್ನು ಎಬ್ಬಿಸುತ್ತಾನೆ. ಅಮೆರಿಕದಲ್ಲಿ ಅರೋರಾ ಕಂಪನಿ 1961ರಲ್ಲಿ ಫ್ರಾಂಕನ್‌ಸ್ಟೈನ್‌ನ ಭೂತವನ್ನು ಪ್ಲಾಸ್ಟಿಕ್ ತುಂಡುಗಳಾಗಿ ಡಬ್ಬಿಯಲ್ಲಿಟ್ಟು ಮಾರಿತು. ಮಕ್ಕಳು ಅಂಟಿಸಿ ಬಣ್ಣ ಬಳಿದರು. 1964ರಲ್ಲಿ ಮ್ಯಾಟೆಲ್ ಕಂಪನಿ ಲೋಹದ ಅಚ್ಚಿಗೆ ಬಣ್ಣದ ದ್ರವ ಸುರಿದು, ವಿದ್ಯುತ್ ಒಲೆಯ ಮೇಲೆ ಕಾಯಿಸಿ ಜೇಡ, ಹುಳುಗಳನ್ನು ತಯಾರಿಸುವ ಆಟಿಕೆಯನ್ನು ತಂದಿತು. ಅಲ್ಲಿಯ ಅಜ್ಜಂದಿರು ಇಂದು ಆ ಹಳೆಯ ಡಬ್ಬಿಗಳನ್ನು ಹೆಚ್ಚಿನ ಬೆಲೆಗೆ ಕೊಂಡು ಕಪಾಟಿನಲ್ಲಿ ಇಡುತ್ತಾರಂತೆ. ಅವರ ಬಾಲ್ಯಕ್ಕೆ ಅಚ್ಚು ಉಳಿದಿದೆ. ನಮ್ಮದಕ್ಕೆ ಅಚ್ಚೇ ಇರಲಿಲ್ಲ. ಪ್ರತಿ ವರ್ಷದ ಮುಖವೂ ಬೇರೆ.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಾವು ಆಚೆಗೆ ಉಳಿದೆವು. ಅಕ್ಕಲಕೋಟ ಕರ್ನಾಟಕಕ್ಕೆ ಸೇರಬೇಕೆಂದ ಮಹಾಜನ ಆಯೋಗದ 1967ರ ವರದಿ ಕಾಗದದಲ್ಲಿಯೇ ಉಳಿಯಿತು. ಮನೆಯ ಮಾತು ಕನ್ನಡ, ಪೇಟೆಯ ಮಾತು ಮರಾಠಿ, ನೇಕಾರರ ಪೇಟೆಯಲ್ಲಿ ತೆಲುಗು. ಪುರಂದರದಾಸರ ಕಾಲದಿಂದ ಕನ್ನಡ ತಾಯಂದಿರಿಗೆ ಒದಗಿದ ಗುಮ್ಮನ ಜೊತೆಗೆ ಮರಾಠಿಯ ಬಾಗುಲಬುವಾನೂ ನಮ್ಮ ಮಕ್ಕಳ ಕತ್ತಲಲ್ಲಿ ಜಾಗ ಪಡೆದ. ದೀಪಾವಳಿಗೆ ಮರಾಠಿ ಗೆಳೆಯರೊಡನೆ ಅಂಗಳದಲ್ಲಿ ಮಣ್ಣಿನ ಕಿಲ್ಲೆ ಕಟ್ಟಿ ಶಿವಾಜಿ ಮಹಾರಾಜರನ್ನೂ ಮಾವಳೆಯರನ್ನೂ ಕೂಡಿಸುವಾಗ, ಹಿಂದಿನ ತಿಂಗಳುಗಳಲ್ಲಿ ಎತ್ತು, ಜೋಕುಮಾರರನ್ನು ಮಾಡಿ ಪಳಗಿದ ಕನ್ನಡದ ಕೈಗಳೇ ಮುಂದಾಗಿರುತ್ತಿದ್ದವು. ಇದರಲ್ಲಿ ಜಗಳವಿರಲಿಲ್ಲ, ಮಣ್ಣು ಒಂದೇ ಆಗಿತ್ತು.

ಈಗ ಗಣಪತಿಯ ಹಬ್ಬಕ್ಕೆ ಮುಂಚೆ ಶಾಲೆಗಳಲ್ಲಿ ಶಾಡೂ ಮಣ್ಣಿನ ಕಾರ್ಯಾಗಾರಗಳು ನಡೆಯುತ್ತವೆ. ಮಣ್ಣು ಪೊಟ್ಟಣದಲ್ಲಿ ಬರುತ್ತದೆ, ಎಲ್ಲ ಮಕ್ಕಳೂ ಒಂದೇ ಸೌಮ್ಯ ಮೂರ್ತಿಯನ್ನು ಮಾಡುತ್ತಾರೆ. ಒಳ್ಳೆಯ ಕೆಲಸವೇ. ಆದರೆ ವಿಕಾರ ಮುಖ ಮಾಡಲು ಯಾರೂ ಕಲಿಸುವುದಿಲ್ಲ, ತಂಗಿಯನ್ನು ಅಳಿಸಿದವನಿಗೆ ಬಹುಮಾನವೂ ಇಲ್ಲ. ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಎಪ್ಪತ್ತು ದಾಟಿದ ಅವ್ವಂದಿರು, ಕಾಕಾಗಳು ಇನ್ನೂ ಇದ್ದಾರೆ. ಗುಳ್ಳವ್ವನ ಕಿವಿಗೆ ಯಾವ ಕಾಳು, ಜೋಕುಮಾರನ ಮೀಸೆಗೆ ಯಾವ ನಾರು ಎಂದು ಅವರನ್ನು ಕೇಳಿದರೆ ಬಾಯಿಂದ ಹೇಳುವ ಮೊದಲು ಅವರ ಬೆರಳುಗಳು ಗಾಳಿಯಲ್ಲಿ ಚಿವುಟತೊಡಗುತ್ತವೆ. ಈ ಸಲದ ಅಷ್ಟಮಿಗೆ ಮೊದಲು ಒಂದು ಬುಟ್ಟಿ ಎರೆಮಣ್ಣು, ಹಿಡಿ ಅರಳೆ, ಬೊಗಸೆ ಗುಲಗಂಜಿ ತಂದು ಮೊಮ್ಮಕ್ಕಳನ್ನು ಅವರ ಮುಂದೆ ಕೂಡಿಸಲು ಇನ್ನೂ ಸಮಯವಿದೆ.