ಅರಳುವ ಮಾತು, ಇಳಿಯುವ ಕತೆ

ಪುಣೆಯ ಕೊಂಢವಾದಲ್ಲಿ ಬದುಕುವ ಕನ್ನಡಿಗರ ಕಣ್ಣಿಗೆ ಹೋದಲ್ಲಿ ಬಂದಲ್ಲಿ ಬೀಳುವ ಪದ 'ವಿಕಾಸಕ'. ಹೊಸ ಕಟ್ಟಡ ಏಳುವಲ್ಲೆಲ್ಲ ತಗಡಿನ ಬೇಲಿ, ಬೇಲಿಗೊಂದು ಫಲಕ, ಫಲಕದಲ್ಲಿ ಬಿಲ್ಡರ್ ಹೆಸರಿನ ಜೊತೆ ಮರಾಠಿಯಲ್ಲಿ ಈ ಪದ. ಹಳೆಯ ಸೊಸೈಟಿ ಕೆಡವಿ ಕಟ್ಟಿದರೆ ಅದು 'ಪುನರ್ವಿಕಾಸ'. ಪಾಲಿಕೆಯ ನಗರ ಯೋಜನೆ 'ವಿಕಾಸ ಆರಾಖಡಾ'. ನಾವು ಅಭಿವೃದ್ಧಿ ಎನ್ನುವಲ್ಲಿ ಮರಾಠಿಗರು ವಿಕಾಸ ಎನ್ನುತ್ತಾರೆ. ಜೀವಶಾಸ್ತ್ರದ ಎವಲ್ಯೂಷನ್ ಪಾಠಕ್ಕೆ ಅವರದು ಬೇರೆಯೇ ಪದ: 'ಉತ್ಕ್ರಾಂತಿ'. ವೇದಾಂತ ಓದಿದ ಕನ್ನಡಿಗರು ಇದನ್ನು ಕೇಳಿದರೆ ಒಂದು ಕ್ಷಣ ಗಾಬರಿಯಾದಾರು. ಅಲ್ಲಿ ಉತ್ಕ್ರಾಂತಿಯೆಂದರೆ ಜೀವ ದೇಹ ಬಿಟ್ಟು ಹೊರಡುವುದು!

ಕನ್ನಡದಲ್ಲಿ ಡಾರ್ವಿನ್ ಪಾಲಿಗೆ ಬಂದದ್ದು ವಿಕಾಸ. ತಾವರೆ ವಿಕಸಿಸುತ್ತದೆ, ಮುಖ ವಿಕಸಿಸುತ್ತದೆ, ರಜೆಯ ಶಿಬಿರಗಳಲ್ಲಿ ಮಕ್ಕಳ ವ್ಯಕ್ತಿತ್ವವೂ ವಿಕಸಿಸುತ್ತದೆ. ವಿಧಾನಸೌಧದ ಪಕ್ಕದಲ್ಲಿ ವಿಕಾಸಸೌಧವೇ ಇದೆ. ಪದ ಚೆಂದವಾಗಿದೆ, ಶುಭವಾಗಿದೆ. ತೊಡಕಿರುವುದೂ ಆ ಶುಭದಲ್ಲೇ. ಮೊಗ್ಗಿನೊಳಗೆ ಹೂ ಮೊದಲೇ ಮಡಚಿಕೊಂಡಿರುತ್ತದೆ; ಅರಳುವುದೊಂದೇ ಬಾಕಿ. ಜೀವಜಗತ್ತೂ ಹೀಗೇ ಯಾವುದೋ ಪೂರ್ಣತೆಯತ್ತ ಅರಳುತ್ತ ಬಂದು ಕೊನೆಗೆ ಮನುಷ್ಯನಾಗಿ ಬಿರಿಯಿತು ಎಂಬ ಕಲ್ಪನೆ ಪದದ ಬೆನ್ನೇರಿ ಒಳಗೆ ಬರುತ್ತದೆ. 'ಹೆಚ್ಚು ವಿಕಾಸ ಹೊಂದಿದ ಪ್ರಾಣಿ' ಎಂದು ನಾವು ಸಲೀಸಾಗಿ ಬರೆದುಬಿಡುತ್ತೇವೆ.

ಇಂಗ್ಲಿಷಿನ ಎವಲ್ಯೂಷನ್ನಿಗೂ ಇದೇ ದೋಷ ಅಂಟಿದೆ. ಅದರ ಲ್ಯಾಟಿನ್ ಬೇರಿಗೆ ಸುರುಳಿ ಬಿಚ್ಚುವುದು ಎಂದರ್ಥ, ಮತ್ತು ಸುರುಳಿಯಲ್ಲಿರುವುದು ಮೊದಲೇ ಬರೆದದ್ದು. 1859ರಲ್ಲಿ ಹೊರಬಂದ 'ಆನ್ ದಿ ಒರಿಜಿನ್ ಆಫ್ ಸ್ಪೀಶೀಸ್' ಗ್ರಂಥದ ಮೊದಲ ಮುದ್ರಣದಲ್ಲಿ ಡಾರ್ವಿನ್ ಆ ನಾಮಪದವನ್ನು ಬಳಸಲೇ ಇಲ್ಲ. ಅದರ ಕ್ರಿಯಾರೂಪವೊಂದು ಪುಸ್ತಕದ ಕಟ್ಟಕಡೆಯ ಪದವಾಗಿ ಬಂದಿದೆ, ಅಷ್ಟೆ. ಅವನು ನೆಚ್ಚಿದ್ದು 'ಡಿಸೆಂಟ್ ವಿತ್ ಮಾಡಿಫಿಕೇಷನ್' ಎಂಬ ಮಾತನ್ನು. ಬದಲಾಗುತ್ತ ಇಳಿದು ಬರುವುದು ಎನ್ನಬಹುದು. ತಲೆತಲಾಂತರದಿಂದ ಇಳಿದು ಬಂದ ಮನೆ, ಇಳಿದು ಬಂದ ಮೂಗು, ಇಳಿದು ಬಂದ ಸಿಟ್ಟು ಎಂದೆಲ್ಲ ಆಡುವ ನಮಗೆ ಆ ಕ್ರಿಯಾಪದ ಹೊಸದೇನಲ್ಲ. ಅದರಲ್ಲಿ ಶಿಖರವಿಲ್ಲ, ಗುರಿಯಿಲ್ಲ. ಮುಂದಿನ ತಲೆಮಾರಿದೆ, ಅದರಲ್ಲಿ ಒಂದಿಷ್ಟು ವ್ಯತ್ಯಾಸವಿದೆ.

ತೆಲುಗು, ತಮಿಳು, ಮಲಯಾಳಗಳು ಈ ಜಾಗಕ್ಕೆ 'ಪರಿಣಾಮ'ವನ್ನು ತಂದುಕೊಂಡವು. ಮಾರ್ಪಾಡು ಎಂಬ ಸಂಸ್ಕೃತದ ಅರ್ಥ ಅಲ್ಲಿ ಉಳಿದಿದೆ. ಕನ್ನಡದಲ್ಲಿ ಪರಿಣಾಮ ಆಗಲೇ ಔಷಧದ್ದೋ ಬಜೆಟ್ಟಿನದೋ ಫಲವಾಗಿ ಬಳಕೆಯಲ್ಲಿ ಸವೆದಿತ್ತು. ಹೀಗಾಗಿ ಹಾವು ಕಾಲು ಕಳೆದುಕೊಂಡದ್ದನ್ನೂ ನಾವು ವಿಕಾಸ ಎಂದೇ ಹೇಳಬೇಕು. ಕತ್ತಲ ಗುಹೆಯ ಮೀನಿಗೆ ಕಣ್ಣು ಹೋದದ್ದೂ ವಿಕಾಸವೇ. ನಮ್ಮದೇ ಮೈಯ ಸಾಕ್ಷಿ ಬೇಕೆಂದರೆ ವಿಟಮಿನ್ ಸಿ ಇದೆ. ನಾಯಿ, ಬೆಕ್ಕು, ಆಕಳು ಅದನ್ನು ತಮ್ಮ ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ನಮ್ಮಲ್ಲಿ ಆ ಕೆಲಸದ ಜೀನ್ ಕೆಟ್ಟು ನಿಂತಿದೆ; ನೆಲ್ಲಿಕಾಯಿ, ನಿಂಬೆಹಣ್ಣೇ ಗತಿ. ಅದೇ ಜೀನ್ ಚಿಂಪಾಂಜಿಯಲ್ಲೂ ಕೆಟ್ಟಿದೆ, ಮಂಗನಲ್ಲೂ ಕೆಟ್ಟಿದೆ. ನಮ್ಮ ರಕ್ತಸಂಬಂಧಕ್ಕೆ ಹಂಚಿಕೊಂಡ ಜಾಣತನಕ್ಕಿಂತ ಹಂಚಿಕೊಂಡ ಈ ಊನವೇ ಗಟ್ಟಿ ದಾಖಲೆ.

ಇನ್ನು ನಾಲಿಗೆಯ ತುದಿಯಲ್ಲೇ ಇರುವ 'ಮಂಗನಿಂದ ಮಾನವ'. ಪ್ರಾಸ ಕೂತುಬಿಟ್ಟಿದೆ, ಕೀಳುವುದು ಕಷ್ಟ. ನಮ್ಮ ಸುತ್ತ ಇರುವವು ಕೆಂಪು ಮೂತಿಯ ಮಂಗ, ಕರಿ ಮೂತಿಯ ಮುಸುವ. ಬಾಲವಿಲ್ಲದ ವಾನರ ಇಡೀ ಭಾರತದಲ್ಲಿ ಕಾಣಸಿಗುವುದು ಈಶಾನ್ಯದ ಹೂಲಾಕ್ ಗಿಬ್ಬನ್ ಮಾತ್ರ. ಕಂಡದ್ದು ಮಂಗ, ಹಾಗಾಗಿ ಅಜ್ಜನ ಪಟ್ಟವೂ ಮಂಗನಿಗೇ. ಆದರೆ ಮಂಗಗಳ ಕವಲೂ ನಮ್ಮ ಕವಲೂ ಬೇರೆಯಾದದ್ದು ಸುಮಾರು 2.5 ಕೋಟಿ ವರ್ಷಗಳ ಹಿಂದೆ. ಚಿಂಪಾಂಜಿಯಿಂದ ನಾವು ಬೇರೆಯಾಗಿ ಸುಮಾರು 60–70 ಲಕ್ಷ ವರ್ಷ. ಚಿಂಪಾಂಜಿ ನಮಗೆ ಅಜ್ಜನಲ್ಲ, ದಾಯಾದಿ. ಆಸ್ತಿ ಪಾಲಾಗಿ ಎರಡು ಮನೆಯಾದ ಮೇಲೆ 'ನೀನು ಬೇರೆ ಹೋದೆಯಲ್ಲ, ಅವನ್ಯಾಕೆ ಇನ್ನೂ ಅಲ್ಲೇ ಇದ್ದಾನೆ?' ಎಂದು ಯಾರೂ ಕೇಳುವುದಿಲ್ಲ. 'ಹಾಗಾದರೆ ಮಂಗಗಳು ಇನ್ನೂ ಯಾಕಿವೆ?' ಎಂದು ಮಾತ್ರ ಕೇಳುತ್ತಲೇ ಇರುತ್ತೇವೆ.

2018ರ ಜನವರಿಯಲ್ಲಿ ಇದೇ ಮಹಾರಾಷ್ಟ್ರದ ಔರಂಗಾಬಾದಿನಲ್ಲಿ ಆಗಿನ ಕೇಂದ್ರ ರಾಜ್ಯ ಸಚಿವ ಸತ್ಯಪಾಲ್ ಸಿಂಗ್, ಕಪಿ ಮನುಷ್ಯನಾದದ್ದನ್ನು ನಮ್ಮ ಪೂರ್ವಜರು ಯಾರೂ ಕಂಡಿಲ್ಲ, ಡಾರ್ವಿನ್ ಸಿದ್ಧಾಂತ ತಪ್ಪು ಎಂಬರ್ಥದ ಮಾತಾಡಿದ್ದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಕೂಡಿ ಅದನ್ನು ಅಲ್ಲಗಳೆದವು. ಕಾಣುವ ಪ್ರಶ್ನೆಗೆ ಉತ್ತರವನ್ನು ಕನ್ನಡವೇ ಕೊಡಬಲ್ಲದು. ಹಳಗನ್ನಡದ ಪಾಲ್ ನಮ್ಮ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಪಾಲ್ ಎನ್ನುವ ತಾಯಿಗೆ ಹಾಲು ಎನ್ನುವ ಮಗು ಹುಟ್ಟಿದ ದಿನ ಯಾವುದು? ಅಂಥ ದಿನವಿಲ್ಲ. ಪ್ರತಿ ತಾಯಿಗೂ ಮಗುವಿಗೂ ಮಾತು ತಿಳಿಯುತ್ತಲೇ ಇತ್ತು, ಶತಮಾನಗಳಲ್ಲಿ ಪಕಾರ ಹಕಾರವಾಗಿ ಹೋಯಿತು. ತಮಿಳರು ಇಂದಿಗೂ ಪಾಲ್, ಪುಲಿ, ಪೂ ಎನ್ನುತ್ತಾರೆ. ಪಕಾರ ಉಳಿದದ್ದು ಅವರ ಹಿಂದುಳಿಕೆಯಲ್ಲ, ಹಕಾರ ಬಂದದ್ದು ನಮ್ಮ ಏಳಿಗೆಯಲ್ಲ.

ಕನ್ನಡ ಹುಟ್ಟಿದ್ದೇ ತಮಿಳಿನಿಂದ ಎಂದು ನಟ ಕಮಲ್ ಹಾಸನ್ 2025ರ ಮೇ ತಿಂಗಳಲ್ಲಿ ಹೇಳಿದಾಗ ಎದ್ದ ಗದ್ದಲ ನೆನಪಿದೆಯಲ್ಲ? ಆಗ ಕನ್ನಡಿಗರು ಭಾಷಾವಿಜ್ಞಾನಿಗಳ ಮಾತನ್ನು ಹಿಡಿದು ವಾದಿಸಿದರು: ಎರಡೂ ಮೂಲದ್ರಾವಿಡದಿಂದ ಕವಲೊಡೆದವು, ಒಂದು ಇನ್ನೊಂದರ ತಾಯಿಯಲ್ಲ. ಸರಿಯಾದ ವಾದ. ಭಾಷೆಗಳೂ ಜೀವಜಾತಿಗಳೂ ಒಂದೇ ಬಗೆಯಲ್ಲಿ ಕವಲೊಡೆಯುತ್ತವೆಂದು ಡಾರ್ವಿನ್ 1871ರ 'ದಿ ಡಿಸೆಂಟ್ ಆಫ್ ಮ್ಯಾನ್'ನಲ್ಲಿ ಗುರುತಿಸಿದ್ದ. ಭಾಷೆಯ ವಿಷಯದಲ್ಲಿ ಇಷ್ಟು ಚೆನ್ನಾಗಿ ತಿಳಿದ ನಾವು ಮಂಗನ ವಿಷಯ ಬಂದಾಗ ಮಾತ್ರ 'ಇಂದ' ಪ್ರತ್ಯಯವನ್ನು ಧಾರಾಳವಾಗಿ ಹಚ್ಚುತ್ತೇವೆ.

ಆ ಕಳೆದುಹೋದ ಪಕಾರ 'ಪಳೆಯುಳಿಕೆ' ಎಂಬ ಪದದಲ್ಲಿ ಇನ್ನೂ ಕೂತಿದೆ. ಹಳೆ ಎನ್ನುವ ಕಾಲದಲ್ಲಿ ಪಳೆ ಎಂದುಳಿದ ಆ ಪದ ತಾನೇ ಒಂದು ಪಳೆಯುಳಿಕೆ. ಕೊಂಢವಾದಲ್ಲಿ ಪಾಯ ತೋಡಿದರೆ ಪಳೆಯುಳಿಕೆ ಸಿಗುವುದಿಲ್ಲ. ಸಿಗುವುದು ಕರಿ ಬಸಾಲ್ಟ್, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಕುದಿಯುವ ಕಲ್ಲು ಎಲುಬನ್ನು ಕಾಪಿಡದು. ಆದರೆ ಒಂದು ಹರಿವಿಗೂ ಇನ್ನೊಂದಕ್ಕೂ ನಡುವೆ ಬಿಡುವಿತ್ತು, ಆಗ ಕೆರೆಗಳಾದವು, ಕೆಸರು ಕೂತಿತು. ಮುಂಬೈಯ ವರ್ಲಿಯಲ್ಲಿ ಅಂಥ ಪದರದೊಳಗಿಂದ ಸಿಕ್ಕ ಕಪ್ಪೆಯನ್ನು ರಿಚರ್ಡ್ ಓವೆನ್ 1847ರಲ್ಲಿ ವರ್ಣಿಸಿದ. 'ಸಿಗಲಿಲ್ಲ'ವನ್ನು 'ಇರಲಿಲ್ಲ' ಎಂದು ಓದುವವರು ಈ ಕಲ್ಲಿನ ಗುಣವನ್ನು ಮರೆಯುತ್ತಾರೆ.

ಇಲ್ಲಿನ ಕನ್ನಡ ಮನೆಗಳ ದೇವರ ಪೀಠದಲ್ಲೂ ಪಳೆಯುಳಿಕೆಯಿರಬಹುದು. ಗಂಡಕಿ ನದಿಯ ಸಾಲಿಗ್ರಾಮದ ಚಕ್ರ ಎಷ್ಟೋ ಸಲ ಅಮೊನೈಟ್ ಎಂಬ ಕಡಲಜೀವಿಯ ಚಿಪ್ಪಿನ ಗುರುತು. ಆ ಕುಲ 30 ಕೋಟಿ ವರ್ಷಕ್ಕೂ ಹೆಚ್ಚು ಬಾಳಿ, ದಖನ್ನಿನಲ್ಲಿ ಲಾವಾ ಹರಿಯುತ್ತಿದ್ದ ಕಾಲದ ಆಸುಪಾಸಿನಲ್ಲೇ ನಿರ್ವಂಶವಾಯಿತು. ಬಾಳಿದ ಕಾಲವೇ ಅಳತೆಗೋಲಾದರೆ ನಾವು ಅವುಗಳ ಹತ್ತಿರಕ್ಕೂ ಬಾರೆವು.

2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ಕೈಬಿಟ್ಟರು. ಅಧ್ಯಾಯದ ಹೆಸರಿನಲ್ಲಿ ಉಳಿದದ್ದು ಅನುವಂಶೀಯತೆ ಮಾತ್ರ. 1,800ಕ್ಕೂ ಹೆಚ್ಚು ವಿಜ್ಞಾನಿಗಳೂ ಶಿಕ್ಷಕರೂ ಬಹಿರಂಗ ಪತ್ರ ಬರೆದು ಆಕ್ಷೇಪಿಸಿದರು. ಇಳಿದು ಬರುವುದನ್ನು ಇಟ್ಟುಕೊಂಡು ಬದಲಾಗುವುದನ್ನು ತೆಗೆದರೆ ಡಾರ್ವಿನ್ ಮಾತು ಅರ್ಧಕ್ಕೆ ಕಡಿಯುತ್ತದೆ. ಮುಂದೆ ಜೀವಶಾಸ್ತ್ರ ಹಿಡಿಯದ ಮಗುವಿನ ಕಿವಿಯಲ್ಲಿ ಈ ವಿಷಯದ ಇಡೀ ಪಾಠವಾಗಿ ಉಳಿಯುವುದು 'ಮಂಗನಿಂದ ಮಾನವ' ಎಂಬ ಆ ಪ್ರಾಸಬದ್ಧ ಎರಡು ಪದ. ವಿಕಾಸ ಎಂಬ ಹೆಸರನ್ನು ಇನ್ನು ಬದಲಿಸಲಾಗದು, ಬದಲಿಸಬೇಕಾಗಿಯೂ ಇಲ್ಲ. ಅದರ ಜೊತೆಗೆ ಯಾವ ಕ್ರಿಯಾಪದ ಹೋಗಬೇಕೆಂಬುದು ಇನ್ನೂ ನಮ್ಮ ಕೈಯಲ್ಲಿದೆ: ಮಂಗನೂ ನಾವೂ ಒಂದೇ ಮೂಲದಿಂದ ಇಳಿದು ಬಂದವರು ಎಂದು ಮನೆಯಲ್ಲಿ ಹೇಳಿಕೊಡಲು ಯಾವ ಪಠ್ಯಪುಸ್ತಕದ ಅಪ್ಪಣೆಯೂ ಬೇಡ.